ಒಪ್ಪಂದದ ಮೇಜು ಮತ್ತು ದೊಡ್ಡಮ್ಮನ ಇಪ್ಪತ್ತಾರು ಹಸು

ನನಗೆ ಮೂವತ್ತೊಂದು ವರ್ಷ. ಕಳೆದ ಆಷಾಢದಲ್ಲಿ ನಿವೃತ್ತಳಾದೆ. ನಗುವವರು ನಗಲಿ. ಶಾಲು ಹೊದಿಸಿದ್ದಾರೆ, ಗಂಧದ ಹಾರ ಹಾಕಿದ್ದಾರೆ, ‘ಇವರ ಸೇವೆ ಚಿರಸ್ಮರಣೀಯ’ ಎಂದು ಒಬ್ಬರು ಭಾಷಣವನ್ನೂ ಮಾಡಿದ್ದಾರೆ. ನಿವೃತ್ತಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಯಾವ ನ್ಯಾಯಾಲಯವೂ ಕೇಳುವುದಿಲ್ಲ.

ನಡೆದದ್ದು ಇಷ್ಟು. ದೂರದ ಒಂದು ದೇಶದೊಂದಿಗೆ ನಮ್ಮ ದೇಶ ವ್ಯಾಪಾರ ಒಪ್ಪಂದದ ಮಾತುಕತೆ ಆರಂಭಿಸಿತು. ಅದರಲ್ಲಿ ಕೃಷಿ ಪದಾರ್ಥಗಳನ್ನು ನೋಡಿಕೊಳ್ಳಲು ದೆಹಲಿಯಲ್ಲಿ ಒಂದು ಸಣ್ಣ ಘಟಕ ಮಾಡಿ, ಗುತ್ತಿಗೆಯ ಮೇಲೆ ಕೆಲವರನ್ನು ತೆಗೆದುಕೊಂಡರು. ಅವರಲ್ಲಿ ನಾನೊಬ್ಬಳು. ಮಾತುಕತೆ ಮುಗಿದು ಸಹಿ ಬಿದ್ದ ಮೇಲೆ ಘಟಕವನ್ನು ಮುಚ್ಚಿದರು. ನಮ್ಮ ಮುಖ್ಯಸ್ಥರಾದ ಶೇಷಾದ್ರಿ ಸರ್ ಅವರಿಗೂ ಅದೇ ತಿಂಗಳು ನಿವೃತ್ತಿಯ ವಯಸ್ಸಾಯಿತು. ಅವರ ಬೀಳ್ಕೊಡುಗೆಗೆ ಅಂಗಡಿಯವನು ತಪ್ಪಿ ಎರಡು ಶಾಲು ಕಳಿಸಿದ್ದ. ಹಿಂದಿರುಗಿಸುವುದಕ್ಕಿಂತ ನನಗೆ ಹೊದಿಸುವುದು ಸುಲಭವಾಗಿತ್ತು.

ಈಗ ಈ ಕೆಲಸಕ್ಕೆ ಸೇರುತ್ತಿರುವವರು ಫೋನು ಮಾಡಿ, ‘ಮೇಡಂ, ಅಲ್ಲಿ ಹೇಗಿರುತ್ತದೆ?’ ಎಂದು ಕೇಳುತ್ತಾರೆ. ಟೀವಿಯಲ್ಲಿ ನೋಡಿದಂತೆ ಯಾರೋ ಮೇಜು ಗುದ್ದಿ, ‘ನಮ್ಮ ರೈತನನ್ನು ಮುಟ್ಟಿದರೆ ಜೋಕೆ’ ಎಂದು ಎದ್ದು ಹೋಗುತ್ತಾರೆ ಎಂದುಕೊಂಡಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಮೂರು ವರ್ಷದಲ್ಲಿ ಒಬ್ಬರೂ ಮೇಜು ಗುದ್ದಿದ್ದನ್ನು ನಾನು ಕಂಡಿಲ್ಲ. ಮೇಜಿನ ಮೇಲೆ ತುಂಬ ಕಾಫಿ ಲೋಟಗಳಿರುತ್ತವೆ. ದೇಶದ ಗಡಿ ಕಾಯುವ ಕೆಲಸ ಅಂದುಕೊಂಡು ಹೋದ ನಾನು ಕಾದದ್ದು ಎಂಟೆಂಟು ಅಂಕಿಯ ಸಂಖ್ಯೆಗಳನ್ನು. ಲೋಕದಲ್ಲಿ ಮಾರಾಟವಾಗುವ ಪ್ರತಿ ವಸ್ತುವಿಗೂ ಸುಂಕದ ಲೆಕ್ಕಕ್ಕೆ ಅಂಥದೊಂದು ಸಂಖ್ಯೆ ಇದೆ. ಕೆನೆ ತೆಗೆದ ಹಾಲಿನ ಪುಡಿಗೆ ಒಂದು, ತೆಗೆಯದ್ದಕ್ಕೆ ಇನ್ನೊಂದು. ಅವನ್ನು ಬಾಯಿಪಾಠ ಮಾಡಿದ್ದು ಎಷ್ಟೆಂದರೆ, ಅಂಗಡಿಯಲ್ಲಿ ಬೆಣ್ಣೆ ಕೇಳುವಾಗ ಮೊದಲು ಅದರ ಸಂಖ್ಯೆ ನಾಲಿಗೆಗೆ ಬರುತ್ತಿತ್ತು.

ನಾನು ಆಯ್ಕೆಯಾದದ್ದು ಚರ್ಚಾಸ್ಪರ್ಧೆಗಳ ಬಲದಿಂದ. ಕೋಲಾರದ ಕಾಲೇಜಿನಲ್ಲಿ ಓದುವಾಗ ಮಾಲೂರಿನಿಂದ ಮುಳಬಾಗಿಲವರೆಗೆ ಎಲ್ಲಿ ವೇದಿಕೆ ಹಾಕಿದರೂ ಹೋಗಿ ಕಪ್ ತರುತ್ತಿದ್ದೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ನಂಬಿಕೆ ಯಾವುದರಲ್ಲೂ ಇರಲಿಲ್ಲ. ಅದೇ ನನ್ನ ಶಕ್ತಿ ಎಂದು ತಿಳಿದಿದ್ದೆ. ಸಂದರ್ಶನದಲ್ಲಿ ಶೇಷಾದ್ರಿ ಸರ್, ‘ರಾಷ್ಟ್ರದ ರೈತನ ಹಿತ ಅಂದರೇನು?’ ಎಂದು ಕೇಳಿದರು. ‘ಯಾವ ರೈತ ಸರ್?’ ಎಂದೆ. ಮುಳಬಾಗಿಲ ಕಡೆಯ ಶಾನುಭೋಗರ ಮನೆಯವರು ಅವರು. ಕನ್ನಡಕದ ಮೇಲಿಂದ ನೋಡಿ, ‘ಈ ಪ್ರಶ್ನೆ ನನ್ನ ಮುಂದೆ ಮಾತ್ರ ಕೇಳು. ಹೊರಗೆ ಕೇಳಬೇಡ’ ಎಂದು ಕೆಲಸ ಕೊಟ್ಟರು.

ಎರಡನೆಯ ಸುತ್ತಿನಲ್ಲೇ ನನ್ನ ಮೊದಲ ಪ್ರಮಾದ. ಆಚೆ ಪಕ್ಷದ ಮುಖ್ಯಸ್ಥೆ ಹೆಲೆನ್ ಎಂಬ ಹೆಂಗಸು. ಐವತ್ತು ದಾಟಿರಬೇಕು. ಕೆಂಪು ಕೈಗಳು, ಕಡಿಮೆ ಮಾತು. ಅವರ ಪಕ್ಕದಲ್ಲಿ ಕೂತ ಕಿರಿಯ ಅಧಿಕಾರಿಯೊಬ್ಬ, ‘ಅಗ್ಗದ ಹಾಲಿನ ಪುಡಿ ಬಂದರೆ ನಿಮ್ಮ ಬಡವರಿಗೇ ಲಾಭವಲ್ಲವೆ?’ ಎಂದ. ಕಿರಿಯರು ಮೇಜಿನಲ್ಲಿ ಬಾಯಿ ತೆರೆಯಬಾರದು ಎಂಬ ನಿಯಮ ನನಗೂ ಗೊತ್ತಿತ್ತು. ಆದರೆ ಅವನ ವಾದದಲ್ಲಿ ನಾಲ್ಕು ತೂತು ಕಂಡವು. ನಾಲ್ಕನ್ನೂ ತೋರಿಸಿದೆ. ಮೂರು ನಿಮಿಷ, ಉದಾಹರಣೆ ಸಮೇತ. ಅವನ ಕಿವಿ ಕೆಂಪಾಯಿತು. ಹೆಲೆನ್ ಕಡತ ಮುಚ್ಚಿ, ‘ಸ್ವಲ್ಪ ಕಾಫಿ ಕುಡಿಯೋಣ’ ಎಂದರು. ಆ ಕಾಫಿ ವಿರಾಮ ಮರುದಿನ ಮಧ್ಯಾಹ್ನದವರೆಗೆ ನಡೆಯಿತು.

ಒಂದು ಮಾತು ಇಲ್ಲಿ ವಿವರಿಸಬೇಕು. ಒಪ್ಪಂದದ ಕರಡಿನಲ್ಲಿ ಇಬ್ಬರೂ ಒಪ್ಪದ ಸಾಲನ್ನು ಚೌಕ ಆವರಣದೊಳಗೆ ಇಡುತ್ತಾರೆ. ಆವರಣ ಬಿದ್ದಿದೆ ಎಂದರೆ ಜಗಳವಿದೆ ಎಂದರ್ಥ. ಒಂದೊಂದಾಗಿ ಅವನ್ನು ತೆಗೆಯುವುದೇ ಮಾತುಕತೆ. ನಮ್ಮ ಮಾವಿನ ರಸವನ್ನು ಅವರ ದೇಶಕ್ಕೆ ಬಿಡುವ ಸಾಲಿಗೆ ಹಿಂದಿನ ದಿನವಷ್ಟೇ ಆವರಣ ತೆಗೆದಿದ್ದರು. ನನ್ನ ಭಾಷಣದ ಮರುದಿನ ಅದು ವಾಪಸ್ ಬಂದು ಕೂತಿತ್ತು.

ಸರ್ ಕೇಳಿದರು: “ಗೆದ್ದೆಯಾ?”

“ಗೆದ್ದೆ ಸರ್.”

“ತೀರ್ಪುಗಾರರು ಯಾರಮ್ಮ?”

ನಾನು ಕೋಣೆಯನ್ನೆಲ್ಲ ನೋಡಿದೆ. ಯಾರೂ ಇರಲಿಲ್ಲ.

“ಇಲ್ಲಿ ಸೋತವನೂ ಸಹಿ ಹಾಕ್ಬೇಕು ಕಣಮ್ಮ. ಅದಕ್ಕೆ ಅವನಿಗೊಂದಿಷ್ಟು ಮುಖ ಉಳಿಸ್ಬೇಕು. ಹೋಗು, ಆ ಕೆಂಪು ಕಿವಿಯವನಿಗೆ ಕಾಫಿ ಕೊಡಿಸು.”

ಒಂದು ಕಾಫಿಯಲ್ಲಿ ಆಗಲಿಲ್ಲ. ನಾಲ್ಕು ಬೇಕಾದವು, ಮೈಸೂರುಪಾಕಿನ ಒಂದು ಡಬ್ಬಿ ಬೇರೆ. ಮಾವು ಮೆಲ್ಲಗೆ ಆವರಣದಿಂದ ಹೊರಗೆ ಬಂತು.

ಸರ್ ಅವರ ಕಾಲದಲ್ಲಿ ಕರಡು ಕಾಗದದ ಮೇಲೆ ಇರುತ್ತಿತ್ತಂತೆ, ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರಂತೆ. ನಮ್ಮ ಕಾಲಕ್ಕೆ ಅದು ಪರದೆಗೆ ಬಂದಿತ್ತು. ಎರಡೂ ದೇಶದವರು ಒಂದೇ ಕಡತವನ್ನು ತೆರೆದುಕೊಂಡು ಬರೆಯುವುದು. ಅಲ್ಲಿ ನಾನೊಮ್ಮೆ ಅಂಚಿನಲ್ಲಿ ಕನ್ನಡದಲ್ಲಿ ಒಂದು ಟಿಪ್ಪಣಿ ಹಾಕಿದೆ: ‘ಸರ್, ಚೀಸಿನ ವಿಷಯದಲ್ಲಿ ಇವರು ಸುಮ್ಮನೆ ಹೆದರಿಸುತ್ತಿದ್ದಾರೆ.’ ಕನ್ನಡ ಯಾರಿಗೆ ಬರುತ್ತದೆ ಎಂಬ ಧೈರ್ಯ. ಬೆಳಿಗ್ಗೆ ನೋಡಿದರೆ ಕೆಳಗೆ ಉತ್ತರವಿತ್ತು, ಯಂತ್ರಾನುವಾದದ ಕನ್ನಡದಲ್ಲಿ: ‘ಇಲ್ಲ ಶ್ರೀಮತಿ, ನಾವು ಗಂಭೀರವಾಗಿ ಹೆದರಿಸುತ್ತೇವೆ.’ ಅಂದೇ ಸರ್ ನನಗೊಂದು ಪೆನ್ಸಿಲ್ ಕೊಟ್ಟರು.

ಇನ್ನು ರೈತರು. ಅವರ ಹಿತ ಕಾಯಲು ಹೊರಟವರು ಅವರನ್ನೊಮ್ಮೆ ಕೇಳಬೇಕಲ್ಲ. ಶ್ರೀನಿವಾಸಪುರದಲ್ಲಿ ಸಭೆ ಕರೆದೆವು. ರಾಯಲ್ಪಾಡಿನಿಂದ ಮಾವು ಬೆಳೆಯುವ ರೆಡ್ಡಪ್ಪ ಎಂಬ ಹಿರಿಯರು ಬಂದಿದ್ದರು. ಅವರು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವವರು.

“ಏಮಮ್ಮಾ, ನಮ್ಮ ಮಾವಿನ್ ರಸ ಅವರ ದೇಶಕ್ಕೆ ಹೋಗ್ಬೇಕು. ಅವರ ಹಾಲ್ ಪುಡಿ ನಮ್ಮ ದೇಶಕ್ಕೆ ಬರಬಾರ್ದು. ಅಂತೇ, ಅಷ್ಟೇ! ಇದ್ರಾಗೆ ಕಷ್ಟ ಏನೈತೆ?”

“ಅವರೂ ಹಾಗೇ ಹೇಳ್ತಾರಲ್ಲ ರೆಡ್ಡಪ್ಪನೋರೆ. ಮಾವು ಬಿಡ್ತೀವಿ, ಹಾಲಿನ ಪುಡಿ ಬಿಡಿ ಅಂತಾರೆ.”

“ಅಯ್ಯೋ, ಅವರು ಹೇಳ್ತಾರಮ್ಮ. ನೀನು ಕೇಳಬೇಡ.”

“ಇದು ನ್ಯಾಯನಾ?”

“ನ್ಯಾಯ ಆಗಿದ್ರೆ ನಿನ್ನನ್ನ ಯಾಕಮ್ಮ ಕಳಿಸ್ತಿದ್ರು? ಪೋಸ್ಟ್‌ನಾಗೆ ಕಾಗದ ಹಾಕಿದ್ರೆ ಸಾಕಾಗ್ತಿತ್ತು.”

ನಮ್ಮ ಉದ್ಯೋಗಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಇನ್ನೂ ಸಿಕ್ಕಿಲ್ಲ.

ಹಾಲಿನ ಕಡೆಯ ವಾದಿ ನಮ್ಮ ಮನೆಯಲ್ಲೇ ಇದ್ದರು. ವಕ್ಕಲೇರಿಯಲ್ಲಿರುವ ನಮ್ಮ ದೊಡ್ಡಮ್ಮ ಗೌರಮ್ಮ. ದೊಡ್ಡಪ್ಪ ಹೋದಮೇಲೆ ಎರಡು ಸೀಮೆ ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಊರಿನ ಡೈರಿಗೆ ಹಾಲು ಹಾಕಿ, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಕಿರಿಯವಳ ನರ್ಸಿಂಗ್ ಓದು ಇನ್ನೂ ನಡೆಯುತ್ತಿತ್ತು. ಪುಡಿ ಬಂದು ಹಾಲಿನ ಬೆಲೆ ಇಳಿದರೆ ಮೊದಲು ನಿಲ್ಲುವುದು ಅದೇ. ಇದು ನನಗೆ ಗೊತ್ತಿದ್ದರೂ ಚಟ ಬಿಡಬೇಕಲ್ಲ, ಒಮ್ಮೆ ಕೆಣಕಿದೆ.

“ಪುಡಿ ಅಗ್ಗ ಆದ್ರೆ ಊರೋರಿಗೆಲ್ಲ ಟೀ ಅಗ್ಗ ಆಗ್ತದೆ ದೊಡ್ಡಮ್ಮ. ಅದನ್ನೂ ಯೋಚನೆ ಮಾಡ್ಬೇಕಲ್ವಾ?”

“ಮಾಡ್ತೀನಿ ಕಣೇ. ನೀನು ಬೆಳಿಗ್ಗೆ ಎಂಟು ಗಂಟೆಗೆ ಎದ್ದು ಟೀ ಕುಡೀತಾ ಯೋಚನೆ ಮಾಡು, ನಾನು ಐದು ಗಂಟೆಗೆ ಎದ್ದು ಹಾಲು ಕರೀತಾ ಯೋಚನೆ ಮಾಡ್ತೀನಿ. ಇಬ್ಬರ ಯೋಚನೇನೂ ಒಂದೇ ಬಂದ್ರೆ ಹೇಳು.”

ತೀರ್ಪುಗಾರರಿಲ್ಲದೆಯೂ ಸೋತೆ.

ಮೂರನೆಯ ವರ್ಷಕ್ಕೆ ಎಲ್ಲ ಆವರಣಗಳೂ ಹೋಗಿ, ಹಾಲಿನದು ಮಾತ್ರ ಉಳಿಯಿತು. ನಾವು ‘ಹಾಲು ಈ ಒಪ್ಪಂದದಲ್ಲೇ ಇರಬಾರದು, ನಮ್ಮಲ್ಲಿ ಮನೆಗೆರಡು ಹಸು ಕಟ್ಟಿದವರು ಇದರಿಂದ ಬದುಕುತ್ತಾರೆ’ ಎನ್ನುವುದು, ಅವರು ‘ಎಲ್ಲ ದೇಶದವರೂ ಹೀಗೇ ಹೇಳುತ್ತಾರೆ’ ಎನ್ನುವುದು. ಕಾಗದ ಎಷ್ಟು ಕೊಟ್ಟರೂ ಹೆಲೆನ್ ಅಲುಗಲಿಲ್ಲ. ಕೊನೆಗೆ ಸರ್ ಒಂದು ಉಪಾಯ ಮಾಡಿದರು.

“ಆಕೆ ಹಾಲಿನವರ ಮನೆ ಮಗಳಂತೆ. ಅಪ್ಪನ ಮನೇಲಿ ಆರುನೂರು ಹಸು. ಅಂಥೋರಿಗೆ ಕಾಗದ ತೋರಿಸಬಾರದು, ಕೊಟ್ಟಿಗೆ ತೋರಿಸ್ಬೇಕು. ನಿಮ್ಮ ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋಗೋಣ. ಎರಡು ಹಸು, ಒಂದು ಹೆಂಗಸು. ಒಂದು ಮಾತೂ ಆಡೋದು ಬೇಡ.”

ನಾನು ದೊಡ್ಡಮ್ಮನಿಗೆ ಫೋನು ಮಾಡಿದೆ. ಆರುನೂರು ಹಸುವಿನ ಮನೆಯ ದೊಡ್ಡ ಅಧಿಕಾರಿಣಿ ಬರುತ್ತಾರೆಂದೆ. ಆಮೇಲೆ ಒತ್ತಿ ಒತ್ತಿ ಹೇಳಿದೆ: “ಏನೂ ಮಾಡಬೇಡ ದೊಡ್ಡಮ್ಮ. ದಿನಾ ಹೆಂಗಿರ್ತೀಯೋ ಹಂಗೇ ಇರು.”

ಹೊಸದಾಗಿ ಸೇರುವವರು ಇದನ್ನು ಗುರುತು ಹಾಕಿಕೊಳ್ಳಿ. ನಮ್ಮ ಸೀಮೆಯಲ್ಲಿ ನೆಂಟರು ಬರುವ ಮುನ್ನ ‘ಏನೂ ಮಾಡಬೇಡ’ ಎಂದು ಹೇಳುವುದು ‘ಎಲ್ಲ ಮಾಡು’ ಎಂದು ಅಪ್ಪಣೆ ಕೊಡುವುದಕ್ಕಿಂತ ಅಪಾಯಕರ.

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಕಾರು ವಕ್ಕಲೇರಿ ತಲುಪಿತು. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ಮನೆಯ ಮುಂದೆ, ಪಕ್ಕದಲ್ಲಿ, ಹುಣಸೆಮರದ ಕೆಳಗೆ, ನೀರಿನ ತೊಟ್ಟಿಯ ಸುತ್ತ, ಎಲ್ಲಿ ನೋಡಿದರೂ ಹಸು. ಮೈ ತೊಳೆದು, ಹಣೆಗೆ ಅರಿಸಿನ ಕುಂಕುಮ ಇಟ್ಟು, ಹೊಸ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ನಡುವೆ ದೊಡ್ಡಮ್ಮ, ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆಯಲ್ಲಿ.

ಹೆಲೆನ್ ಹಾಲಿನವರ ಮಗಳು. ಕೈ ಮುಗಿಯುವಷ್ಟರಲ್ಲಿ ಕಣ್ಣಿನಲ್ಲೇ ಎಣಿಸಿಬಿಟ್ಟಿದ್ದರು. “ಇಪ್ಪತ್ತಾರು,” ಎಂದರು. “ಎಲ್ಲ ಇವರದ್ದೇನಾ, ಕೇಳಿ.”

ಕೇಳಿದೆ. ದೊಡ್ಡಮ್ಮ ರೆಪ್ಪೆ ಬಡಿಯದೆ, “ಎಲ್ಲಾ ನಂದೇ,” ಎಂದರು.

ನಾನು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ಏನ್ ದೊಡ್ಡಮ್ಮ ಇದು? ಎರಡು ಹಸು ತೋರ್ಸೋಕೆ ದೆಹಲಿಯಿಂದ ಬಂದಿದ್ದೀವಿ!”

“ಆರುನೂರು ಹಸು ಇರೋಳ ಮುಂದೆ ಎರಡು ಹಸು ಕಟ್ಟಿ ನಿಂತ್ಕೊಳ್ಳಾ? ನಮ್ಮೂರ ಮರ್ಯಾದೆ ಏನಾಗ್ಬೇಕೇ? ಬೀದಿಯೋರನ್ನೆಲ್ಲ ಕೇಳಿ ಒಂದು ಹೊತ್ತಿಗೆ ಇಸ್ಕೊಂಡಿದ್ದೀನಿ. ಇನ್ನೂ ಬರ್ತಿದ್ವು, ಕಟ್ಟೋಕೆ ಜಾಗ ಇರ್ಲಿಲ್ಲ.”

ಹೊರಗೆ ಹೆಲೆನ್ ಮೆಲುದನಿಯಲ್ಲಿ ಸರ್ ಅವರಿಗೆ ಹೇಳುತ್ತಿದ್ದರು: “ಒಬ್ಬ ಹೆಂಗಸು ಒಂಟಿಯಾಗಿ ಇಪ್ಪತ್ತಾರು ಹಸು ಸಾಕಿ, ರೇಷ್ಮೆ ಉಟ್ಟುಕೊಂಡು ನಿಂತಿದ್ದಾರೆ. ನನಗೆ ನಿಜವಾಗಿ ಸಂತೋಷ. ಆದರೆ ಇಂಥವರಿಗೆ ಇನ್ನು ರಕ್ಷಣೆ ಯಾಕೆ ಬೇಕು?”

ಮೂರು ವರ್ಷದ ವಾದ ಆ ಅಂಗಳದಲ್ಲಿ ಸೆಗಣಿಯಾಯಿತು. ಸತ್ಯ ಹೇಳಿಬಿಡಲೆಂದು ನಾನು ಬಾಯಿ ತೆರೆದೆ. ಸರ್ ಕನ್ನಡದಲ್ಲಿ, ಮುಖದ ನಗು ಕೆಡದಂತೆ, “ಸುಮ್ನಿರಮ್ಮ,” ಎಂದರು. “ಅವರ ಅಂಗಳದಲ್ಲಿ ನಿಂತು ಅವರನ್ನೇ ಸುಳ್ಳಿ ಅಂತೀಯಾ? ಹಾಲು ಹೋದ್ರೆ ಹೋಗ್ಲಿ.” ಆ ಮನುಷ್ಯನ ಮೇಲೆ ನನಗಿದ್ದ ಗೌರವ ಅಂದು ಇಮ್ಮಡಿಸಿತು. ಆದರೆ ಕೊನೆಯ ಸುತ್ತಿಗೆ ಉಳಿದದ್ದು ಎರಡು ವಾರ.

ಊಟವಾಯಿತು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೆಲೆನ್‌ಗೆ ಯಾರೂ ಹೇಳಲಿಲ್ಲ. ಅಗಿಯುತ್ತಲೇ ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಐದಾಗುತ್ತ ಬಂತು. ಹಸುಗಳು ಒಂದೊಂದಾಗಿ ಕೂಗತೊಡಗಿದವು. ಕೆಚ್ಚಲು ತುಂಬಿತ್ತು. ಕಾಂಪೌಂಡ್ ಗೋಡೆಯಾಚೆ ತಲೆಗಳು ಕಾಣಿಸಿದವು. ಬೀದಿಯ ಹೆಂಗಸರು, ಕೈಯಲ್ಲಿ ಕ್ಯಾನು, ಬಕೆಟ್ಟು. ಕಾರು ಹೋಗುವವರೆಗೆ ಒಳಗೆ ಬರಕೂಡದೆಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದ್ದರು. ಕಾರು ಹೋಗುತ್ತಿರಲಿಲ್ಲ.

“ಅಕ್ಕೋ, ಡೈರಿ ತೆಗ್ದವ್ರೆ,” ಎಂದು ಪಕ್ಕದ ಮನೆಯ ಮುನಿಯಮ್ಮ ಗೋಡೆಯ ಮೇಲಿಂದ ಪಿಸುಗುಟ್ಟಿದರು. ಮುನಿಯಮ್ಮನ ಪಿಸುಮಾತು ಕೋಲಾರದ ಹತ್ತಿರದ ಟಮಕದವರೆಗೆ ಕೇಳುತ್ತದೆ.

“ಇರೇ, ಹೊರಡ್ತಾರೆ ಈಗ,” ಎಂದರು ದೊಡ್ಡಮ್ಮ.

ಹೆಲೆನ್ ತಿರುಗಿ ನೋಡಿದರು. “ಅವರೆಲ್ಲ ಯಾರು?”

ನಾನು ಕೇಳಿದೆ. ದೊಡ್ಡಮ್ಮನಿಗೆ ಆ ಕ್ಷಣಕ್ಕೆ ಏನು ತೋಚಿತೋ. “ನಮ್ಮ ಆಳುಗಳು,” ಎಂದುಬಿಟ್ಟರು.

ಗೋಡೆಯಾಚೆ ಕ್ಯಾನುಗಳು ಟಣ್ಣೆಂದು ಕೆಳಗಿಳಿದವು.

“ಏನಂದೆ?” ಮುನಿಯಮ್ಮ ಗೇಟು ತಳ್ಳಿಕೊಂಡು ಒಳಗೆ ಬಂದರು. “ಯಾರೇ ಆಳು? ನಾನಾ? ನಿನ್ನ ಮದುವೇಲಿ ಸೋಬಾನೆ ಹೇಳಿದೋಳು ನಾನು! ಹೋಗ್ಲಿ ಪಾಪ ಅಂತ ಗಬ್ಬದ ಹಸುನೂ ಹೊಡ್ಕೊಂಡ್ ಬಂದು ಕಟ್ಟಿದ್ರೆ, ನಾನು ನಿನಗೆ ಆಳಾ?”

“ಮುನಿಯಮ್ಮ, ಮೆತ್ತಗೆ ಕಣೇ, ಅವರು ನೋಡ್ತಾವ್ರೆ…”

“ನೋಡ್ಲಿ! ಲೇ ಗಂಗೆ, ಬಾರೇ ಮನೆಗೆ. ಇಲ್ಲಿ ನಿನ್ನ ಯಜಮಾನಿ ಬದಲಾಗವ್ಳಂತೆ!”

ಹಗ್ಗ ಬಿಚ್ಚಿ ಗಂಗೆಯನ್ನು ಹೊಡೆದುಕೊಂಡು ನಡೆದರು. ಅಷ್ಟೇ ಬೇಕಾಗಿತ್ತು. ಉಳಿದವರೂ ನುಗ್ಗಿದರು. ಒಬ್ಬೊಬ್ಬರೂ ತಮ್ಮ ಹಸುವಿನ ಹೆಸರು ಕೂಗುವುದು, ಹಸು ಕತ್ತು ತಿರುಗಿಸುವುದು, ಅದರೊಂದಿಗೆ ದೊಡ್ಡಮ್ಮನಿಗೆ ಒಂದು ಮಾತು ಎಸೆದು ಹೋಗುವುದು. “ಆಳು ಹೊರಟ್ಳು ಧಣೀ!” “ಧಣೀ, ಹೊಸ ಹಗ್ಗ ಆಳು ಇಟ್ಕೋಬೋದಾ?” ಹತ್ತು ನಿಮಿಷದಲ್ಲಿ ಅಂಗಳ ಬರಿದಾಯಿತು. ಹುಣಸೆಮರದ ಕೆಳಗೆ ಎರಡು ಹಸು ಉಳಿದವು. ದೊಡ್ಡಮ್ಮ ತಲೆ ತಗ್ಗಿಸಿ ಒಳಗೆ ಹೋಗಿ, ಹಳೆಯ ನೂಲಿನ ಸೀರೆ ಉಟ್ಟು, ಚೊಂಬು ಹಿಡಿದು ಬಂದು, ಯಾರ ಮುಖವನ್ನೂ ನೋಡದೆ ಕರೆಯಲು ಕೂತರು.

ಹೆಲೆನ್ ನನ್ನನ್ನು ಏನನ್ನೂ ಕೇಳಲಿಲ್ಲ. ಅನುವಾದ ಬೇಕಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅವರು ದೊಡ್ಡಮ್ಮನ ಹಿಂದೆಯೇ ಡೈರಿಯವರೆಗೆ ನಡೆದರು. ಅಲ್ಲಿ ಆಗಲೇ ಸಾಲು ನಿಂತಿತ್ತು. ಒಬ್ಬರದು ಮೂರು ಲೀಟರು, ಒಬ್ಬರದು ಆರು. ಕಾರ್ಯದರ್ಶಿ ಒಂದೊಂದರಿಂದಲೂ ಒಂದಿಷ್ಟು ತೆಗೆದು ಯಂತ್ರಕ್ಕಿಟ್ಟು ಕೊಬ್ಬು ನೋಡಿ ಚೀಟಿ ಕೊಡುತ್ತಿದ್ದ. ಹೆಲೆನ್ ಸಾಲಿನ ಕೊನೆಯವರು ಹಾಲು ಸುರಿಯುವವರೆಗೂ ನಿಂತು ನೋಡಿದರು. ಮುನಿಯಮ್ಮ ಹೋಗುವಾಗ ಅವರ ತೋಳು ತಟ್ಟಿ, ನನ್ನ ಕಡೆ ತಿರುಗಿ, “ನಾನು ಆಳಲ್ಲ, ಹೇಳೇ ಸುಮಾ ಅವಳಿಗೆ,” ಎಂದರು. ಅದೊಂದನ್ನು ಅನುವಾದಿಸಿದೆ.

ಕೊನೆಯ ಸುತ್ತಿನಲ್ಲಿ ಹಾಲಿನ ಸಾಲು ಬಂದಾಗ, ಕೆಂಪು ಕಿವಿಯವನು ಕಾಗದ ಬಿಚ್ಚಿದ. ಹೆಲೆನ್ ಅವನ ಕೈ ಮೇಲೆ ಕೈಯಿಟ್ಟು, “ಹಾಲು ಹೊರಗಿರಲಿ,” ಎಂದರು. ಕಾರಣ ಕೊಡಲಿಲ್ಲ. ಕೇಳಲು ನನಗೆ ನಾಲಿಗೆ ತುರಿಸಿತು. ಪೆನ್ಸಿಲ್ ಕಚ್ಚಿಕೊಂಡು ಕೂತೆ. ಆ ಕೆಲಸದಲ್ಲಿ ನಾನು ಮಾಡಿದ ಅತ್ಯುತ್ತಮ ವಾದ ಅದೇ.

ಪುಕ್ಕಟೆ ಏನೂ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಮಾವಿನ ರಸದ ಬಾಗಿಲನ್ನು ಒಮ್ಮೆಗೇ ತೆಗೆಯದೆ ಏಳು ವರ್ಷದಲ್ಲಿ ಮೆಲ್ಲಗೆ ತೆಗೆಯುತ್ತೇವೆಂದರು. ನಾವು ಒಪ್ಪಿದೆವು. ಪತ್ರಿಕೆಗಳು ‘ರೈತರ ಹಿತ ಕಾಪಾಡಿದ ಒಪ್ಪಂದ’ ಎಂದು ಬರೆದವು. ಯಾವ ರೈತ ಎಂದು ಯಾರೂ ಕೇಳಲಿಲ್ಲ. ನಾನೇ ರಾಯಲ್ಪಾಡಿಗೆ ಹೋಗಿ ರೆಡ್ಡಪ್ಪನವರಿಗೆ ಹೇಳಿದೆ. ಅವರು ತೋಟ ನೋಡುತ್ತ, “ಏಳು ವರ್ಷ ಅಂದ್ರೆ ನನಗೆ ಎಂಬತ್ತೆರಡು. ಮರಕ್ಕೇನೂ ತೊಂದರೆ ಇಲ್ಲಮ್ಮ,” ಎಂದರು. ಬರುವಾಗ ಚೀಲದ ತುಂಬ ಹಣ್ಣು ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಈ ಕೆಲಸದಲ್ಲಿ ಒಬ್ಬರ ಹಿತ ಕಾಯುವಾಗ ಇನ್ನೊಬ್ಬರ ಮನೆಯ ಮುಂದೆ ನಿಂತು ಹಣ್ಣಿನ ಚೀಲ ಹಿಡಿದುಕೊಳ್ಳಬೇಕಾಗುತ್ತದೆ. ಅದಕ್ಕೆ ಯಾರೂ ತರಬೇತಿ ಕೊಡುವುದಿಲ್ಲ.

ಅಲ್ಲಿಂದ ವಕ್ಕಲೇರಿಗೆ ಬಂದೆ. ದೊಡ್ಡಮ್ಮ ಆ ದಿನದಿಂದ ನನ್ನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ತಮ್ಮಿಂದಲೇ ಎಲ್ಲ ಕೆಟ್ಟಿತೆಂದು ಕೊರಗುತ್ತಿದ್ದರಂತೆ. ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದವರಿಗೆ ಸುದ್ದಿ ಹೇಳಿದೆ.

“ಹಾಲು ಉಳೀತು ದೊಡ್ಡಮ್ಮ. ಪುಡಿ ಬರಲ್ಲ. ಚಿಕ್ಕವಳು ಓದು ಮುಗಿಸ್ಲಿ.”

ಅವರು ಕೈ ನಿಲ್ಲಿಸಿದರು. “ಅಷ್ಟೆಲ್ಲ ಆದ ಮೇಲೂನಾ? ನಂದು ಎರಡೇ ಹಸು ಅಂತ ಆ ಆರುನೂರು ಹಸುವಿನೋಳಿಗೆ ಗೊತ್ತಾಗೋಯ್ತಲ್ಲೇ!”

“ಗೊತ್ತಾಗಿದ್ದಕ್ಕೇ ಉಳಿದಿದ್ದು. ಕಡಿಮೆ ಇರೋರು ಅಂತ ಕಂಡಿದ್ದಕ್ಕೇ ಬಿಟ್ಟರು.”

ದೊಡ್ಡಮ್ಮ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಜವಾದ ಸಿಟ್ಟಿನಿಂದ ಹಿಂಡಿಯ ಕೈ ಝಾಡಿಸಿದರು.

“ಮೊದಲೇ ಬಾಯ್ಬಿಟ್ಟು ಹೇಳೋದಲ್ವೇನೇ? ಈ ಎರಡನ್ನೂ ಮುನಿಯಮ್ಮನ ಮನೇಲಿ ಕಟ್ಟಿ ಬರ್ತಿದ್ದೆ!”